ಹಳೆಯ ಗೋಡೆ, ಹೊಸ ಗಿಲಾವು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಸಂಚರಿಸುವವರ ಕಣ್ಣಿಗೆ ಇಂದು ಎರಡು ಬಗೆಯ ಮನೆಗಳು ಬೀಳುತ್ತವೆ. ಅಡಕೆ ತೋಟದ ತಲೆಯ ಮೇಲೆ, ಬೆಟ್ಟದ ಮಗ್ಗುಲಲ್ಲಿ, ಚಿರೆಕಲ್ಲಿನ ಗೋಡೆ, ಮರದ ಕಂಬ, ಹೆಂಚಿನ ಮಾಡು ಇವುಗಳಿಂದಾದ ಹಳೆಯ ಮನೆ ಒಂದು ಬಗೆ. ಅಂಥದನ್ನು ಕೆಡವಿ ಅದೇ ಜಾಗದಲ್ಲಿ ಎಬ್ಬಿಸಿದ ಕಾಂಕ್ರೀಟು ಮನೆ ಇನ್ನೊಂದು. ಇವೆರಡರ ನಡುವೆ ಮೂರನೆಯದೊಂದು ಬಗೆಯೂ ಉಂಟು. ಕೆಡವಲು ಮನಸ್ಸೊಪ್ಪದೆ, ಇದ್ದಂತೆಯೇ ಇಟ್ಟುಕೊಳ್ಳಲೂ ಆಗದೆ, ವರ್ಷಕ್ಕಿಷ್ಟೆಂದು ದುರಸ್ತಿ ಮಾಡಿಸುತ್ತ ಬಂದ ಮನೆ ಅದು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಈ ಮೂರನೆಯ ಬಗೆಯ ಮನೆಯ ಸಂಗತಿಯನ್ನು.

ಹೋದ ವರ್ಷದ ಬೇಸಗೆಯಲ್ಲಿ ಸಿದ್ದಾಪುರದ ಕಡೆಯ ಒಂದು ಹಳ್ಳಿಯಲ್ಲಿ ನಾವು ನಾಲ್ಕು ದಿನ ಇಂಥದೊಂದು ಮನೆಯಲ್ಲಿ ತಂಗಿದ್ದೆವು. ಜಗುಲಿಯ ಗೋಡೆಯ ಬುಡದಲ್ಲಿ ಸುಣ್ಣ ಉದುರುತ್ತಿದೆಯೆಂದು ಮನೆಯ ಯಜಮಾನರು ಐದು ವರ್ಷಗಳ ಕೆಳಗೆ ಹಳೆಯ ಗಿಲಾವನ್ನು ಕೆತ್ತಿ ತೆಗೆಸಿ, ನೆಲದಿಂದ ಮೂರಡಿ ಎತ್ತರದವರೆಗೆ ಸಿಮೆಂಟಿನ ಗಿಲಾವು ಮಾಡಿಸಿ, ಅದರ ಮೇಲೆ ಎಣ್ಣೆಬಣ್ಣ ಬಳಿಸಿದ್ದರು. ಎರಡು ಮಳೆಗಾಲ ಗೋಡೆ ಕನ್ನಡಿಯಂತಿತ್ತು. ಮೂರನೆಯ ಮಳೆಗಾಲದಲ್ಲಿ ಸಿಮೆಂಟಿನ ಅಂಚಿಗಿಂತ ಮೇಲೆ, ಎದೆಯ ಮಟ್ಟದಲ್ಲಿ, ಹಿಂದೆಂದೂ ಇರದಿದ್ದ ಒದ್ದೆಯ ಪಟ್ಟಿಯೊಂದು ಮೂಡಿತು. ನಾವು ನೋಡುವಾಗ ಆ ಪಟ್ಟಿ ಒಣಗಿತ್ತು. ಆದರೆ ಅಲ್ಲಿ ಬಿಳಿಯ ಪುಡಿ ಕುಳಿತಿತ್ತು. ಬೆರಳಿನಿಂದ ಒತ್ತಿದರೆ ಗಾರೆ ಹುಡಿಹುಡಿಯಾಗಿ ಉದುರುತ್ತಿತ್ತು. ಅದೇ ಮನೆಯ ಉಗ್ರಾಣದ ಗೋಡೆಯನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿ ಒದ್ದೆಯ ಗುರುತು ಮೊಳಕಾಲನ್ನು ದಾಟಿರಲಿಲ್ಲ.

“ಸಿಮೆಂಟು ಮೂರಡಿಗೆ ಸಾಲಲಿಲ್ಲ ಕಾಣ್ತದೆ ಮಾಸ್ತರೇ, ಈ ವರ್ಷ ಆರಡಿಗೆ ಏರಿಸಬೇಕು” ಎಂದರು ಯಜಮಾನರು. ಅವರ ಮಗನ ಮಾತು ಇನ್ನೂ ನೇರವಾಗಿತ್ತು. “ಎಷ್ಟು ಸಲ ತೇಪೆ ಹಾಕೋದು ಅಪ್ಪಯ್ಯ? ಕೆಡವಿ ಹೊಸದು ಕಟ್ಟೋಣ.” ದೀಪಾವಳಿಯೊಳಗೆ ಎರಡರಲ್ಲೊಂದು ತೀರ್ಮಾನವಾಗಬೇಕಾಗಿತ್ತು. ಆರಡಿಗೆ ಏರಿಸಿದರೆ ಒದ್ದೆಯೂ ಅದನ್ನು ದಾಟಿ ಏರೀತೆಂದು ನಾವು ಹೇಳಿದಾಗ ಇಬ್ಬರೂ ನಂಬಲಿಲ್ಲ. ನಂಬದಿರುವುದು ಸಹಜವೇ. ಆದಕಾರಣ ವಿಷಯವನ್ನು ಬುಡದಿಂದಲೇ ನೋಡೋಣ.

ಚಿರೆಕಲ್ಲಿಗೆ ಕೆಂಪುಕಲ್ಲು, ಜಂಬಿಟ್ಟಿಗೆ ಎಂಬ ಹೆಸರುಗಳೂ ಉಂಟು. ೧೮೦೦-೦೧ರಲ್ಲಿ ಮೈಸೂರು, ಮಲಬಾರ, ಕನ್ನಡ ಸೀಮೆಗಳನ್ನು ಸುತ್ತಿ, ಸೋಂದೆ, ಶಿರಸಿ, ಬನವಾಸಿಗಳನ್ನೂ ಕಂಡುಹೋದ ಫ್ರಾನ್ಸಿಸ್ ಬುಕಾನನ್ ಎಂಬಾತನು ಇದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದಿಂದ ತೆಗೆಯುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆದುವಾಗಿದ್ದು, ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲು ಕಟ್ಟಡಕ್ಕೆ ಬಹು ಅನುಕೂಲವಾದುದು. ಆದರೆ ಅದರ ಮೈಯೆಲ್ಲ ರಂಧ್ರ. ಕಣ್ಣಿಗೆ ಕಾಣುವ ತೂತುಗಳಿಗಿಂತ ಕಾಣದ ಸೂಕ್ಷ್ಮ ರಂಧ್ರಗಳೇ ನಮಗಿಲ್ಲಿ ಮುಖ್ಯ.

ಸಣ್ಣ ಗಾಜಿನ ನಾಳವೊಂದನ್ನು ನೀರಿನಲ್ಲಿ ನಿಲ್ಲಿಸಿದರೆ ನಾಳದೊಳಗಿನ ನೀರು ಹೊರಗಿನ ಮಟ್ಟಕ್ಕಿಂತ ಮೇಲೇರುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿರುತ್ತಾರೆ. ನೀರಿನ ಮೇಲ್ಮೈ ಎಳೆತದಿಂದಾಗುವ ಈ ಕ್ರಿಯೆಗೆ ಕೇಶಾಕರ್ಷಣವೆಂದು ಹೆಸರು. ನಾಳ ಎಷ್ಟು ಕಿರಿದೋ ನೀರು ಅಷ್ಟು ಮೇಲೇರುತ್ತದೆ. ತ್ರಿಜ್ಯ ಮಿಲಿಮೀಟರಿನ ಹತ್ತನೆಯ ಒಂದು ಪಾಲಾದರೆ ಏರಿಕೆ ಸುಮಾರು ೧೫ ಸೆಂಟಿಮೀಟರು. ನೂರನೆಯ ಒಂದು ಪಾಲಾದರೆ ಒಂದೂವರೆ ಮೀಟರು. ಸಾವಿರದ ಒಂದು ಪಾಲಾದರೆ ೧೫ ಮೀಟರು. ಕಲ್ಲಿನಲ್ಲಿಯೂ ಗಾರೆಯಲ್ಲಿಯೂ ಈ ಕೊನೆಯ ಅಳತೆಯ ರಂಧ್ರಗಳು ಬೇಕಾದಷ್ಟಿವೆ. ಲೆಕ್ಕದ ಪ್ರಕಾರ ನೆಲದ ನೀರು ಗೋಡೆಯನ್ನೇರಿ ಮಾಡಿನ ಕೋಳನ್ನೂ ದಾಟಿ ಹೋಗಬೇಕಾಗಿತ್ತು! ವಾಸ್ತವವಾಗಿ ಅದು ಮೊಳಕಾಲಿನಲ್ಲಿ, ಹೆಚ್ಚೆಂದರೆ ಸೊಂಟದ ಮಟ್ಟದಲ್ಲಿ, ನಿಂತುಬಿಡುತ್ತದೆ. ಏಕೆ?

ಗೋಡೆ ನೀರನ್ನು ಕುಡಿಯುತ್ತದೆ. ಜೊತೆಗೆ ಅದನ್ನು ಗಾಳಿಗೆ ಬಿಟ್ಟುಕೊಡುತ್ತಲೂ ಇರುತ್ತದೆ ಎಂಬುದೇ ಇದಕ್ಕೆ ಉತ್ತರ. ಬುಡದಿಂದ ಬರುವ ನೀರು ಎಷ್ಟು ಎತ್ತರಕ್ಕೇರಿದರೆ ಅಷ್ಟು ವಿಸ್ತಾರವಾದ ಮೈಯಿಂದ ಅದು ಆವಿಯಾಗಿ ಹೋಗುತ್ತದೆ. ಮೇಲೆ ಹೋದಷ್ಟೂ ದಾರಿ ಉದ್ದವಾಗಿ ನೀರಿನ ಚಲನೆ ನಿಧಾನವಾಗುತ್ತದೆ. ಯಾವ ಎತ್ತರದಲ್ಲಿ ಒಳಬರುವ ನೀರಿನ ಪ್ರಮಾಣವೂ ಹೊರಹೋಗುವ ಆವಿಯ ಪ್ರಮಾಣವೂ ಸರಿಹೋಗುವುವೋ ಅಲ್ಲಿ ಒದ್ದೆಯ ಗೆರೆ ನಿಲ್ಲುತ್ತದೆ. ಗೋಡೆಯ ಮೇಲೆ ನಮಗೆ ಕಾಣುವ ಆ ಗೆರೆ ಜಮಾ ಖರ್ಚುಗಳು ತಾಳೆಯಾದ ಸ್ಥಳ.

ಈಗ ಮೂರಡಿಯ ಸಿಮೆಂಟನ್ನೂ ಎಣ್ಣೆಬಣ್ಣವನ್ನೂ ನೆನೆಯೋಣ. ಅವು ಬುಡದಿಂದ ಬರುವ ನೀರನ್ನು ಒಂದು ತೊಟ್ಟೂ ತಡೆಯುವುದಿಲ್ಲ. ನೀರು ಬರುವುದು ಅಡಿಯಿಂದ. ಅವು ತಡೆಯುವುದು ಆವಿಯ ದಾರಿಯನ್ನು ಮಾತ್ರ. ಖರ್ಚನ್ನು ನಿಲ್ಲಿಸಿ ಜಮೆಯನ್ನು ಹಾಗೆಯೇ ಬಿಟ್ಟರೆ ಲೆಕ್ಕ ಕೆಳಗೆ ತಾಳೆಯಾಗದು. ನೀರು ಮುಚ್ಚಿದ ಭಾಗವನ್ನು ದಾಟಿ, ತೆರೆದ ಮೈ ಸಿಕ್ಕುವ ತನಕ ಏರುತ್ತದೆ. ಯಜಮಾನರ ಗೋಡೆಯಲ್ಲಿ ಆದುದು ಇದೇ.

ಇದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಒತ್ತುಕಾಗದದ ಅಥವಾ ಶೋಧಕ ಕಾಗದದ ಒಂದು ಅಂಗುಲ ಅಗಲದ ಎರಡು ಉದ್ದನೆಯ ಪಟ್ಟಿಗಳನ್ನು ಕತ್ತರಿಸಿ, ಒಂದನ್ನು ಬರಿದೇ ತೂಗುಹಾಕಿ, ಇನ್ನೊಂದನ್ನು ಅಗಲವಾದ ಗಾಜಿನ ಕೊಳವೆಯೊಳಗೆ ಇಳಿಬಿಟ್ಟು ಕೊಳವೆಯ ಮೇಲುಬಾಯಿಯನ್ನು ಮುಚ್ಚಬೇಕು. ಎರಡರ ತುದಿಯೂ ಶಾಯಿ ಬೆರೆಸಿದ ಒಂದೇ ನೀರಿನ ತಟ್ಟೆಯಲ್ಲಿ ಮುಳುಗಿರಲಿ. ಒಣಹವೆಯ ದಿನವಾದರೆ ಕೆಲವು ಗಂಟೆಗಳಲ್ಲಿ ಬಯಲಿನ ಪಟ್ಟಿಯಲ್ಲಿ ನೀರು ನಿಂತಿರುತ್ತದೆ. ಕೊಳವೆಯೊಳಗಿನದು ಅದನ್ನು ಹಿಂದೆ ಹಾಕಿ ಏರುತ್ತಲೇ ಇರುತ್ತದೆ. ನಾವು ಆ ಮನೆಯ ಜಗುಲಿಯಲ್ಲಿ ಕುಳಿತು ಈ ಪ್ರಯೋಗವನ್ನು ಮಾಡಿ ತೋರಿಸಿದೆವು. ಕೊಳವೆಗೆ ಬದಲು ಒಡೆದ ಲಾಂದ್ರದ ಚಿಮಣಿಯೊಂದು ಅಟ್ಟದ ಮೇಲಿಂದ ಸಿಕ್ಕಿತು.

ಬಿಳಿಯ ಪುಡಿಯ ವಿಷಯ ಉಳಿಯಿತು. ನೆಲದ ನೀರು ಬರಿಯ ನೀರಲ್ಲ. ಅದರಲ್ಲಿ ಲವಣಗಳು ಕರಗಿವೆ. ಸಿಮೆಂಟು ತನ್ನ ಪಾಲಿನ ಲವಣಗಳನ್ನೂ ಸೇರಿಸುತ್ತದೆ. ನೀರು ಆವಿಯಾದಲ್ಲಿ ಲವಣ ಹರಳುಗಟ್ಟುತ್ತದೆ. ರಂಧ್ರದೊಳಗೆ ಬೆಳೆಯುವ ಹರಳು ಸುತ್ತಲ ಗೋಡೆಯನ್ನು ಒತ್ತಿ ಒತ್ತಿ ಒಡೆಯುತ್ತದೆ. ಹಳೆಯ ಸುಣ್ಣದ ಗಿಲಾವು ಮೆದು. ಲವಣವೆಲ್ಲ ಅದರ ಹೊರಮೈಗೆ ಬಂದು ಉದುರುತ್ತಿತ್ತು. ವರ್ಷಕ್ಕೊಮ್ಮೆ ಹಬ್ಬದ ಮುಂಚೆ ಬಳಿಯುತ್ತಿದ್ದ ಸುಣ್ಣ ಆ ಗಾಯವನ್ನು ಮುಚ್ಚುತ್ತಿತ್ತು. ಗಿಲಾವು ಸವೆಯುತ್ತಿತ್ತು, ಕಲ್ಲು ಉಳಿಯುತ್ತಿತ್ತು. ಗಟ್ಟಿಯಾದ ಸಿಮೆಂಟಿನ ಹಿಂದೆ ಹರಳುಗಟ್ಟಿದಾಗ ಸಿಮೆಂಟು ಸವೆಯದೆ ಅದರ ಬೆನ್ನಿಗಿರುವ ಚಿರೆಕಲ್ಲು ಪುಡಿಯಾಗುತ್ತದೆ. ಕೆಲವೆಡೆ ಸಿಮೆಂಟಿನ ಹೊದಿಕೆ ಹಲಗೆಯಂತೆ ಇಡಿಯಾಗಿ ಕಳಚಿ ಬೀಳುವುದೂ, ಅದರ ಬೆನ್ನಿಗೆ ಕಲ್ಲಿನ ಒಂದು ಪದರವೇ ಅಂಟಿಕೊಂಡು ಬರುವುದೂ ಉಂಟು. ಸುಣ್ಣ ಉದುರುವುದನ್ನು ರೋಗವೆಂದು ತಿಳಿದು ನಾವು ಚಿಕಿತ್ಸೆ ಮಾಡಿಸುತ್ತೇವೆ. ಅದು ಬೆವರು ಎಂದು ತಿಳಿದಿದ್ದರೆ ಮಾಡಿಸುತ್ತಿರಲಿಲ್ಲ.

ಸುಣ್ಣದ ಸ್ವಭಾವವನ್ನು ಇನ್ನೂ ಸ್ವಲ್ಪ ನೋಡಬೇಕು. ಸುಣ್ಣದ ಕಲ್ಲನ್ನೋ, ಕರಾವಳಿಯಲ್ಲಿ ವಾಡಿಕೆಯಿದ್ದಂತೆ ಚಿಪ್ಪನ್ನೋ, ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡು ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ನೀರು ಹೊಯ್ದರೆ ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟು, ಎಂದರೆ ಕಲ್ಲೇ, ಆಗುತ್ತದೆ. ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಈ ಅನಿಲ ಇರುವುದು ನಾಲ್ಕು ಪಾಲಿಗೆ ಸ್ವಲ್ಪ ಹೆಚ್ಚು. ಆದ್ದರಿಂದ ಈ ಕೆಲಸ ನಿಧಾನ. ವಾರಗಳೂ ತಿಂಗಳುಗಳೂ ಹಿಡಿಯುತ್ತವೆ. ಮಳೆ ಬೀಳುವ ಕಾಲದಲ್ಲಿ ಮಾಡುವಂತಿಲ್ಲ. ಸಿಮೆಂಟು ಗೆದ್ದುದು ಗುಣದಿಂದಲ್ಲ, ಅವಸರದಿಂದ ಎಂದು ನಮಗೆ ತೋರುತ್ತದೆ.

ಇದೇ ಸುಣ್ಣದ ಮೇಲೆ ನಿಂತ ಒಂದು ಕಲೆ ಈ ಸೀಮೆಯಲ್ಲಿತ್ತು. ಶಿರಸಿಯ ಮಾರಿಕಾಂಬಾ ದೇವಾಲಯಕ್ಕೆ ಹೋದವರು ಅಲ್ಲಿಯ ಗೋಡೆಗಳ ಮೇಲೆ ಬಿಳಿ ಕೆಂಪು ಎರಡೇ ಬಣ್ಣಗಳ ಚಿತ್ರಗಳನ್ನು ನೋಡಿರಬಹುದು. ಇದು ಕಾವಿ ಕಲೆ. ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಕೂಡಿಸಿದ ತೆಳುವಾದ ಕೆಂಪು ಪದರವನ್ನು ಕೊಟ್ಟು, ಅದಿನ್ನೂ ಹಸಿಯಾಗಿರುವಾಗಲೇ ಮೊನಚಾದ ಸಲಕರಣೆಯಿಂದ ಕೆರೆದು, ಕೆಳಗಿನ ಬಿಳಿ ಕಾಣುವಂತೆ ಚಿತ್ರವನ್ನು ಬಿಡಿಸುತ್ತಿದ್ದರು. ಸುಣ್ಣ ಕಲ್ಲಾಗುತ್ತ ಹೋದಂತೆ ಕೆಂಪು ಕಣಗಳು ಅದರೊಳಗೇ ಸೆರೆಯಾಗುತ್ತವೆ. ಆ ಕೆಂಪು ಕಬ್ಬಿಣದ ಆಕ್ಸೈಡಾದುದರಿಂದ ಬಿಸಿಲಿಗೆ ಮಾಸುವುದಿಲ್ಲ, ಸುಣ್ಣದ ಕ್ಷಾರಕ್ಕೆ ಕೆಡುವುದಿಲ್ಲ. ಬಣ್ಣವನ್ನು ಗೋಡೆಯ ಮೇಲೆ ಬಳಿದುದಲ್ಲವಾಗಿ ಗೋಡೆ ಉಳಿದರೆ ಚಿತ್ರ ಉಳಿಯಿತು, ಗಿಲಾವನ್ನು ಕೆತ್ತಿದರೆ ಚಿತ್ರ ಹೋಯಿತು. ಗೋವೆಯಿಂದ ಹಿಡಿದು ನಮ್ಮ ಕರಾವಳಿಯವರೆಗೆ ಎಷ್ಟೋ ದೇವಾಲಯಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿಯೇ ಈ ಚಿತ್ರಗಳು ಕೆತ್ತಿಹೋದುವು. ಹೊನ್ನಾವರದವರಾದ ವಿಜ್ಞಾನಿ ಡಾ. ಕೃಷ್ಣಾನಂದ ಕಾಮತರು ಊರೂರು ತಿರುಗಿ ಉಳಿದವನ್ನು ಚಿತ್ರಿಸಿ, ಛಾಯಾಚಿತ್ರ ತೆಗೆದು ದಾಖಲು ಮಾಡದಿದ್ದರೆ ಹೋದುದೇನೆಂಬುದೂ ನಮಗೆ ತಿಳಿಯುತ್ತಿರಲಿಲ್ಲ. ಇಂಥ ಗೋಡೆಯ ಹಿಂಬದಿಗೆ ಸಿಮೆಂಟು ಬಳಿಯುವವರು ಚಿತ್ರವನ್ನು ಮುಟ್ಟದೆಯೇ ಅದನ್ನು ಕೆಡಿಸಬಲ್ಲರು. ಹಿಂದೆ ದಾರಿ ಕಟ್ಟಿದರೆ ನೀರೂ ಲವಣವೂ ಮುಂದಕ್ಕೆ, ಚಿತ್ರದ ಮೈಯಿಂದಲೇ, ಹೊರಬೀಳಬೇಕಲ್ಲವೆ?

ಹಳೆಯ ಕಟ್ಟಡಕ್ಕೂ ಹೊಸ ಅಗತ್ಯಕ್ಕೂ ನಡುವಣ ಈ ತಕರಾರು ಮಲೆನಾಡಿಗೆ ಮಾತ್ರ ಬಂದುದಲ್ಲ. ಇಲ್ಲಿಯ ಮೂರು ತಾಲ್ಲೂಕುಗಳಲ್ಲಿಯೂ ರೈಲಿಲ್ಲ. ರೈಲು ಹತ್ತಬೇಕಾದರೆ ತಾಳಗುಪ್ಪಕ್ಕೋ ಕುಮಟೆಗೋ ಹುಬ್ಬಳ್ಳಿಗೋ ಹೋಗಬೇಕು. ಆದರೂ ಇಲ್ಲಿಯ ಜಗುಲಿಯ ಗೋಡೆಗೆ ಅತ್ಯಂತ ಹತ್ತಿರದ ದೃಷ್ಟಾಂತ ಸಿಕ್ಕುವುದು ಲಂಡನ್ನಿನ ನೆಲದಡಿಯ ರೈಲಿನಲ್ಲಿ. ಥೇಮ್ಸ್ ನದಿಯ ಕೆಳಗೆ ಮಾರ್ಕ್ ಬ್ರೂನೆಲ್ಲನೂ ಅವನ ಮಗ ಇಸಂಬಾರ್ಡನೂ ೧೮೨೫ರಲ್ಲಿ ಆರಂಭಿಸಿ ತೋಡಿಸಿದ ಇಟ್ಟಿಗೆಯ ಸುರಂಗವೊಂದಿದೆ. ೧೮೪೩ರಲ್ಲಿ ಕಾಲುದಾರಿಯಾಗಿ ತೆರೆದುದು ೧೮೬೯ರಿಂದ ರೈಲುದಾರಿಯಾಯಿತು. ಅದರ ಒಂದು ತುದಿಯಲ್ಲಿ ರಾದರ್‌ಹೈತ್, ಇನ್ನೊಂದು ತುದಿಯಲ್ಲಿ ವಾಪಿಂಗ್ ಎಂಬ ನಿಲ್ದಾಣಗಳಿವೆ. ನೀರು ಜಿನುಗುವುದನ್ನು ನಿಲ್ಲಿಸಲು ೧೯೯೫ರಲ್ಲಿ ರೈಲನ್ನು ನಿಲ್ಲಿಸಿ, ಒಳಮೈಗೆಲ್ಲ ಕಾಂಕ್ರೀಟನ್ನು ಸಿಂಪಡಿಸಿ ಮುಚ್ಚಿಬಿಡುವುದೆಂದು ಎಂಜಿನಿಯರುಗಳು ಗೊತ್ತುಮಾಡಿದರು. ಅದೇ ಮಾರ್ಚಿಯಲ್ಲಿ, ಕೆಲಸ ಮೊದಲಾಗುವ ಹೊತ್ತಿಗೆ ಸರಿಯಾಗಿ, ಸರ್ಕಾರ ಸುರಂಗವನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ವಾದವಿವಾದ ಬಹಳವಾಯಿತು. ಕೊನೆಗೆ ಒಂದು ತುದಿಯ ಕೆಲವು ಕಮಾನುಗಳನ್ನು ಹಳೆಯ ಇಟ್ಟಿಗೆ ಕಾಣುವಂತೆ ಹಾಗೆಯೇ ಬಿಟ್ಟು, ಉಳಿದ ಭಾಗದಲ್ಲಿ ಹಳೆಯ ರೂಪಕ್ಕೆ ಆದಷ್ಟು ಹೊಂದುವಂತೆ ಕೆಲಸ ಮಾಡುವುದೆಂದು ಒಪ್ಪಂದವಾಗಿ, ೧೯೯೮ರಲ್ಲಿ ರೈಲು ಮತ್ತೆ ಓಡಿತು.

ಆ ಎಂಜಿನಿಯರುಗಳನ್ನು ನಾವು ದೂರಲಾರೆವು. ನದಿಯ ತಳದಲ್ಲಿ ನೀರು ಒತ್ತಡದಿಂದ ಒಳನುಗ್ಗುತ್ತದೆ. ಅಲ್ಲಿ ರೈಲಿನ ಪ್ರಯಾಣಿಕರ ಪ್ರಾಣದ ಪ್ರಶ್ನೆ. ಶಿರಸಿಯ ಗೋಡೆಯಲ್ಲಿ ನೀರು ತಾನಾಗಿ ತೆವಳಿ ಏರುತ್ತದೆ. ಆವಿಯಾಗಲು ಬಿಟ್ಟರೆ ಸಾಕು. ತೋರಿಕೆಗೆ ಎರಡೂ ಒದ್ದೆಯೇ, ಕಾರಣ ಬೇರೆ. ಸುರಂಗಕ್ಕೆ ತಕ್ಕ ಮದ್ದನ್ನು ಜಗುಲಿಗೆ ಹಚ್ಚುವುದೇ ನಮ್ಮವರು ಮಾಡುತ್ತಿರುವ ತಪ್ಪು.

ಗೋಡೆ ಹೋಗಿ ಗಾಳಿಗೆ ಬರೋಣ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟವನ್ನು ಹತ್ತಿತು. ಅದಕ್ಕೆ ಮುಂಚೆ ನಾಡಹೆಂಚು, ಅಡಕೆಯ ಸೋಗೆ ಇದ್ದುವು. (ಇಂದು ನಾವು ಪುರಾತನವೆಂದು ಕಾಪಾಡಹೊರಟಿರುವ ಹೆಂಚು ಒಂದು ಕಾಲದಲ್ಲಿ ಹೊಸ ಮಾದರಿಯ ಸಾಮಾನಾಗಿತ್ತೆಂಬುದನ್ನು ಮರೆಯಬಾರದು.) ಈ ಮಾಡುಗಳೆಲ್ಲದರ ಗುಣ ಒಂದೇ: ಮಳೆಯನ್ನು ಹೊರಗಿಟ್ಟು ಗಾಳಿಯನ್ನು ಸಂದಿಗಳಿಂದ ಬಿಟ್ಟುಕೊಡುವುದು. ಮಳೆಗಾಲದ ಒಂದು ದಿನ ಹೊರಗಿನ ಗಾಳಿ ೨೨ ಡಿಗ್ರಿಯಲ್ಲಿದ್ದು ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ ೯೫ ಎನ್ನೋಣ. ಒಂದು ಘನ ಮೀಟರು ಗಾಳಿಯಲ್ಲಿ ಆಗ ಸುಮಾರು ೧೮ ಗ್ರಾಂ ನೀರಾವಿ ಇರುತ್ತದೆ. ಒಲೆಯ ಕಾವಿನಿಂದ ಅದೇ ಗಾಳಿ ೨೭ ಡಿಗ್ರಿಗೆ ಬಂದರೆ ಅದು ಹಿಡಿಯಬಲ್ಲ ಆವಿ ಸುಮಾರು ೨೬ ಗ್ರಾಂ. ಆರ್ದ್ರತೆ ೭೦ರ ಆಸುಪಾಸಿಗೆ ಇಳಿಯಿತು. ಬೂಷ್ಟು ಚೆನ್ನಾಗಿ ಬೆಳೆಯಲು ೮೦ರಷ್ಟಾದರೂ ಬೇಕು. ಐದೇ ಡಿಗ್ರಿಯ ಕಾವು ಮನೆಯನ್ನು ಬೂಷ್ಟಿನಿಂದ ಕಾಯುತ್ತಿತ್ತು, ಅಟ್ಟದ ಮೇಲಿನ ಅಡಕೆಯನ್ನೂ ಒಣಗಿಸುತ್ತಿತ್ತು. ಬಿಸಿಗಾಳಿ ಮೇಲೇರಿ ಹೆಂಚಿನ ಸಂದಿಯಿಂದ ಹೊರಬೀಳುತ್ತ ತೇವವನ್ನು ಕೊಂಡೊಯ್ಯುತ್ತಿತ್ತು.

ಹೊಗೆಯ ಒಲೆಯನ್ನು ನಾವಿಲ್ಲಿ ಕೊಂಡಾಡುತ್ತಿಲ್ಲ. ಆ ಒಲೆಯ ಮುಂದೆ ಕೆಮ್ಮುತ್ತ ಆಯುಷ್ಯ ಕಳೆದ ಹೆಂಗಸರನ್ನು ಕೇಳಿದರೆ ಪರಂಪರೆಯ ಬೆಲೆ ಬೇರೆಯಾಗಿ ತಿಳಿದೀತು. ಅನಿಲದ ಒಲೆ ಬರಲೇಬೇಕು. ಆದರೆ ಒಲೆಯನ್ನು ಬದಲಿಸಿದವರು ಅದೇ ವರ್ಷ ಹೆಂಚಿನಡಿಗೆ ಹಲಗೆಯ ಮುಚ್ಚಿಗೆ ಹೊಡೆಸಿ, ಕಿಟಕಿಗೆ ಗಾಜು ಹಾಕಿಸಿ, ಮನೆಯನ್ನು ಡಬ್ಬಿಯಾಗಿಸಿದರೆ, ಹಿಂದೆ ಒಲೆ ಮಾಡುತ್ತಿದ್ದ ಕೆಲಸವನ್ನು ಮಾಡುವವರು ಯಾರು? ಕೂಡುಮಾಡಿನ ತುದಿಯಲ್ಲಿ ಗಾಳಿಗಂಡಿಯನ್ನು ಉಳಿಸುವುದು, ಅಡುಗೆಮನೆಗೆ ಗಾಳಿ ಹೊರದೂಡುವ ಪಂಖೆಯಿಡುವುದು, ಇವು ಸಣ್ಣ ಖರ್ಚುಗಳು.

ಬೆಳಕಿನ ವಿಷಯದಲ್ಲಿ ಹಳೆಯ ಮನೆಗಳು ನಿಜವಾಗಿಯೂ ತಪ್ಪಿತಸ್ಥವೇ. ಓದುವ ಹುಡುಗರಿಗೆ ನಡುಮನೆಯಲ್ಲಿ ಹಗಲಿನಲ್ಲಿಯೂ ಅಕ್ಷರ ಕಾಣುವುದಿಲ್ಲ. ಇದಕ್ಕೆ ಪರಿಹಾರ ಗಾಜಿನ ಹೆಂಚು. ಮಂಗಳೂರು ಹೆಂಚಿನದೇ ಆಕಾರ. ಒಂದು ಹೆಂಚನ್ನು ತೆಗೆದು ಅಲ್ಲಿ ಇದನ್ನಿಟ್ಟರಾಯಿತು. ಮೋಡ ಕವಿದ ಹಗಲಿನಲ್ಲಿಯೂ ಬಯಲಿನಲ್ಲಿ ಸುಮಾರು ೧೦,೦೦೦ ಲಕ್ಸ್ ಬೆಳಕಿರುತ್ತದೆ. ಒಂದು ಚದರ ಮೀಟರಿಗೆ ಹದಿನಾಲ್ಕು ಹದಿನೈದು ಹೆಂಚು ಹಿಡಿಯುವುದರಿಂದ ಒಂದು ಗಾಜಿನ ಹೆಂಚಿನ ಮೇಲೆ ೭೦೦ ಲ್ಯೂಮೆನ್ನಿನಷ್ಟು ಬೆಳಕು ಬೀಳುತ್ತದೆ. ಗಾಜಿನ ಕೊಳೆ, ಮಾಡಿನ ಇಳಿಜಾರು, ಮರದ ನೆರಳು ಇವುಗಳ ಬಾಬ್ತು ಮೂರನೆಯ ಒಂದು ಪಾಲನ್ನು ಕಳೆದರೂ ಉಳಿಯುವುದು ಹಳೆಯ ಮಾದರಿಯ ೪೦ ವಾಟ್ ದೀಪದ ಬೆಳಕು. ಬೇಡವೆನಿಸಿದ ದಿನ ತೆಗೆದು ಮಣ್ಣಿನ ಹೆಂಚನ್ನಿಡಬಹುದು. ಲಂಡನ್ನಿನ ಬೇಕರ್ ಸ್ಟ್ರೀಟ್ ನಿಲ್ದಾಣದ ೧೮೬೩ರ ಕಟ್ಟೆಗಳ ಮೇಲೆ ಹಗಲು ಬೆಳಕು ಬರಲೆಂದು ಕಮಾನಿನ ಪಕ್ಕಗಳಲ್ಲಿ ಓರೆಯಾದ ಬೆಳಕಿಂಡಿಗಳನ್ನು ಇಟ್ಟಿದ್ದರು. ಕಾಲಾಂತರದಲ್ಲಿ ಅವುಗಳಿಂದ ಬೆಳಕು ಬರುವುದು ನಿಂತಿತು. ೧೯೮೦ರ ದಶಕದಲ್ಲಿ ಇಟ್ಟಿಗೆಯ ಕಮಾನುಗಳನ್ನು ಮೊದಲಿನಂತೆ ತೋರುವ ಹಾಗೆ ಸರಿಪಡಿಸಿದರು; ಆ ಗೂಡುಗಳಲ್ಲಿ ಈಗ ವಿದ್ಯುದ್ದೀಪ ಉರಿಯುತ್ತದೆ. ನಮ್ಮ ಗಾಜಿನ ಹೆಂಚಿನಲ್ಲಿ ಬರುವುದು ಸೂರ್ಯನ ಬೆಳಕೇ.

೧೯೬೪ರಲ್ಲಿ ವೆನಿಸ್ಸಿನಲ್ಲಿ ಸೇರಿದ ತಜ್ಞರು ಹಳೆಯ ಕಟ್ಟಡಗಳ ದುರಸ್ತಿಗೆ ಕೆಲವು ಸೂತ್ರಗಳನ್ನು ಹೇಳಿದ್ದಾರೆ. ಹೊಸದಾಗಿ ಸೇರಿಸಿದ ಭಾಗ ಹಳೆಯದರೊಡನೆ ಹೊಂದಬೇಕು, ಆದರೆ ಹಳೆಯದೆಂದು ಮೋಸಗೊಳಿಸಬಾರದು ಎಂಬುದು ಅವುಗಳಲ್ಲೊಂದು. ಮನೆಗಳ ಮಟ್ಟಿಗೆ ನಾವು ಇನ್ನೊಂದನ್ನು ಸೇರಿಸುತ್ತೇವೆ: ಹೊಸದು ಹಳೆಯದರ ಕೆಲಸಕ್ಕೆ ಅಡ್ಡಬರಬಾರದು. ಸ್ನಾನದ ಮನೆಗೆ ಸಿಮೆಂಟೇ ಸರಿ. ಅದನ್ನು ಹಳೆಯ ಗೋಡೆಗೆ ಅಂಟಿಸದೆ ಒಂದಡಿ ಬಿಟ್ಟು ಬೇರೆಯಾಗಿ ಕಟ್ಟಬೇಕು. ವಿದ್ಯುತ್ತಿನ ತಂತಿಗಳನ್ನು ಗೋಡೆ ಕೊರೆದು ಹೂಳದೆ ಮೇಲೆ ಕೊಳವೆಯಲ್ಲಿ ಒಯ್ಯಬಹುದು. ಎಲ್ಲಕ್ಕಿಂತ ಮೊದಲು ಮಾಡಬೇಕಾದುದು ಗೋಡೆಯ ಹೊರಬುಡದಲ್ಲಿ, ಸೂರುನೀರು ಬೀಳುವಲ್ಲಿ, ಒಂದು ಚರಂಡಿ. ಮೂರೂ ಪಟ್ಟಣಗಳಲ್ಲಿ ವರ್ಷಕ್ಕೆ ೨೦೦೦ ಮಿಲಿಮೀಟರನ್ನು ಮೀರಿ ಮಳೆಯ ಲೆಕ್ಕ ಬರುತ್ತದೆ. ಮಾಡಿನ ಮೇಲೆ ಬಿದ್ದ ಆ ನೀರೆಲ್ಲ ಗೋಡೆಯ ಬುಡಕ್ಕೇ ಇಳಿದರೆ ಯಾವ ಗಿಲಾವು ಏನು ಮಾಡೀತು?

ಸಿದ್ದಾಪುರದ ಆ ಮನೆಯಲ್ಲಿ ದೀಪಾವಳಿ ಕಳೆದ ಮೇಲೆ ಜಗುಲಿಯ ಒಂದು ಪಕ್ಕದ ಸಿಮೆಂಟನ್ನು ಮಾತ್ರ ಕೆತ್ತಿಸಿ, ಒಂದು ತಿಂಗಳು ಕಲ್ಲನ್ನು ಬರಿಮೈಯಲ್ಲಿ ಒಣಗಲು ಬಿಟ್ಟು, ಸುಣ್ಣದ ಗಿಲಾವು ಮಾಡಿಸಿದರು. ಕೆಲಸ ಬಲ್ಲ ಮುದುಕರೊಬ್ಬರನ್ನು ಹುಡುಕಿ ಕರೆತರುವುದೇ ದೊಡ್ಡ ಪ್ರಯಾಸವಾಯಿತಂತೆ. ಹೊರಗೆ ಚರಂಡಿ ತೋಡಿಸಿದರು. ಇನ್ನೊಂದು ಪಕ್ಕ ಹೋಲಿಕೆಗೆಂದು ಹಾಗೆಯೇ ಇದೆ. ಹಳೆಯ ಒದ್ದೆಯ ಗುರುತಿನ ಮಟ್ಟಕ್ಕೆ ಎರಡೂ ಕಡೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಟ್ಟಿದ್ದಾರೆ. ಈ ಸಲದ ಶ್ರಾವಣದಲ್ಲಿ ಸುಣ್ಣದ ಪಕ್ಕದ ಒದ್ದೆ ಗೆರೆಗಿಂತ ಒಂದು ಗೇಣು ಕೆಳಗೆ ನಿಂತಿತೆಂದು ಯಜಮಾನರು ಫೋನಿನಲ್ಲಿ ತಿಳಿಸಿದರು. ಮಗನಿಗೆ ಪೂರ್ತಿ ನಂಬಿಕೆ ಬಂದಿಲ್ಲ. ಇನ್ನೊಂದು ಮಳೆಗಾಲ ನೋಡಬೇಕಂತೆ. ಕೆಡವುವ ಮಾತು ಅಲ್ಲಿಯವರೆಗೆ ನಿಂತಿದೆ.